ಒಂದೇ ಕೈಯಲ್ಲಿ ಬಿಚ್ಚುವ ಹಾಗೆ

"ನೀನು ಹಾಕಿದ ಗಂಟು ಬಿಚ್ಚೋಕೆ ದಾರಿಯುದ್ದಕ್ಕೂ ನಿನ್ನನ್ನೇ ಹಿಂದೆ ಕೂರಿಸ್ಕೊಂಡು ಹೋಗ್ಬೇಕಾ ಅತ್ತಿಗೆ?"

ನನ್ನ ನಾದಿನಿ ಅಂಗಡಿಯ ಬಾಗಿಲಲ್ಲಿ ನಿಂತು ಕಿರುಚುತ್ತಿದ್ದಳು. ತಲೆಯಿಂದ ಕಾಲಿನವರೆಗೂ ನೀರು ಸುರಿಯುತ್ತಿತ್ತು. ಅವಳ ಹಿಂದೆ ರಸ್ತೆಯಲ್ಲಿ ಬೈಕು ನಿಂತಿತ್ತು. ಬೆಳಿಗ್ಗೆ ನಾನು ಕಟ್ಟಿಕೊಟ್ಟ ಮೂಟೆ ಅದರ ಹಿಂದಿನ ಸೀಟಿನ ಮೇಲೆ ಹಾಗೇ ಕೂತಿತ್ತು, ಹಗ್ಗದ ಒಂದು ಎಳೆಯೂ ಸಡಿಲವಾಗಿರಲಿಲ್ಲ.

"ಅಲ್ಲೇ ನಿಲ್ಲು. ನೆಲದ ಮೇಲೆ ಬಟ್ಟೆ ಹಾಸಿದೀನಿ, ನೀರು ಇಳಿಸ್ಬೇಡ," ಎಂದೆ.

"ನಿನ್ನ ಬಟ್ಟೆಗೆ ಬೆಂಕಿ ಬೀಳ್ಲಿ! ಟೋಲ್ ಗೇಟ್ ದಾಟೋ ಹೊತ್ತಿಗೆ ಮಳೆ ಹಿಡೀತು. ಬೈಕ್ ನಿಲ್ಲಿಸಿದೆ. ರೈನ್‌ಕೋಟ್ ತೆಗೀಬೇಕು. ಎಲ್ಲಿದೆ ರೈನ್‌ಕೋಟು?"

"ಮೂಟೇಲಿ."

"ಮೂಟೇಲಿ ಎಲ್ಲಿ?"

ನಾನು ಸೂಜಿಗೆ ದಾರ ಪೋಣಿಸುವವಳ ಹಾಗೆ ತಲೆ ತಗ್ಗಿಸಿದೆ.

"ತಳದಲ್ಲಿ! ಎಲ್ಲಕ್ಕಿಂತ ತಳದಲ್ಲಿ! ಅಲ್ಲೀವರೆಗೆ ಹೋಗೋಕೆ ಆ ಗಂಟು ಬಿಚ್ಚಬೇಕಲ್ಲ? ಉಗುರು ಹಾಕಿದೆ, ಬೈಕಿನ ಕೀ ಹಾಕಿದೆ, ಹಲ್ಲೂ ಹಾಕಿದೆ. ಜಪ್ಪಯ್ಯ ಅಂದ್ರೂ ಬಿಚ್ಚಲಿಲ್ಲ. ಲಾರಿಯವರೆಲ್ಲ ನೋಡ್ಕೊಂಡು ಹೋದ್ರು, ಯಾರೋ ಹುಚ್ಚಿ ಮೂಟೆ ಕಚ್ತಾ ಕೂತಿದಾಳೆ ಅಂತ."

ಎದುರಿನ ಗ್ಯಾರೇಜಿನಿಂದ ನಗು ಕೇಳಿಸಿತು. ಗ್ಯಾರೇಜಿನ ಮೆಕ್ಯಾನಿಕ್‌ಗೆ ಸೈಲೆನ್ಸರ್ ಎಂದು ಅಡ್ಡಹೆಸರು. ಬಾಯಿ ಮುಚ್ಚಿಕೊಂಡು ಒಂದು ಗಳಿಗೆಯೂ ಇದ್ದವನಲ್ಲ, ಅದಕ್ಕೇ ಆ ಹೆಸರು.

"ಒಂದು ಒಳ್ಳೇದೂ ಆಗಿದೆಯಲ್ಲ ಅಕ್ಕಾ," ಎಂದು ಅವನು ಅಲ್ಲಿಂದಲೇ ಕೂಗಿದ. "ರೈನ್‌ಕೋಟ್ ಒಂದು ಹನೀನೂ ನೆಂದಿಲ್ಲ!"

ಹೊಲಿಗೆಗೆ ತಿಕ್ಕಲು ಕೈಯಲ್ಲಿದ್ದ ಮೇಣದ ಉಂಡೆಯನ್ನು ಅವನತ್ತ ಎಸೆದೆ. ತಪ್ಪಿಸಿಕೊಂಡ, ಹಾಳಾದವನು.

"ಲೋಡು ಅಂದ್ರೆ ದಾರೀಲಿ ಬಿಚ್ಕೋಬಾರದು ಕಣೇ," ಎಂದು ನಾನೂ ಸ್ವರ ಏರಿಸಿದೆ. "ಬಿಚ್ಚಬಾರದು ಅಂತಲೇ ಕಟ್ಟೋದು! ನಾನು ಕಟ್ಟಿದ ಒಂದು ಲೋಡಾದ್ರೂ ಇವತ್ತಿನವರೆಗೆ ರಸ್ತೇಲಿ ಚೆಲ್ಲಿದೆಯಾ?"

"ನಾನು ಲೋಡಲ್ಲ ಅತ್ತಿಗೆ!"

ಅವಳು ಗ್ಲೌಸಿನ ಕೈಯಿಂದ ಮುಖದ ನೀರು ಒರೆಸಿಕೊಂಡಳು.

"ನಿಂಗೆ ನಾನು ಹೋಗೋದು ಇಷ್ಟ ಇಲ್ಲ, ಅಷ್ಟೇ ತಾನೆ?" ಎಂದಳು.

"ಹೌದು, ಇಲ್ಲ! ಏನೀಗ?"

"ಇಲ್ಲ ಅಂದ್ರೆ ಬಾಯಲ್ಲಿ ಹೇಳು. ಹಗ್ಗದಲ್ಲಿ ಹೇಳ್ಬೇಡ."

ಗ್ಲೌಸು ಬಿಚ್ಚಿ ಬೈಕಿನ ಹ್ಯಾಂಡಲ್ಲಿಗೆ ಸಿಕ್ಕಿಸಿ, ಮಳೆಯಲ್ಲೇ ಮನೆಯ ಕಡೆ ನಡೆದು ಹೋದಳು. ಬೈಕು, ಮೂಟೆ, ಗಂಟು ಎಲ್ಲ ನನ್ನ ಪಾಲಿಗೆ ಬಿಟ್ಟು.

ನನ್ನ ಕಸುಬು ತಿಳಿಯದವರಿಗೆ ಈ ಜಗಳ ಅರ್ಥವಾಗುವುದಿಲ್ಲ. ಲಾರಿಗಳ ಟಾರ್ಪಾಲು ಹೊಲಿಯುವುದು, ಹರಿದದ್ದಕ್ಕೆ ತೇಪೆ ಹಾಕುವುದು, ಲೋಡು ಕಟ್ಟುವುದು ನನ್ನ ಕೆಲಸ. ಗಂಡ ಇದ್ದಾಗ ಅಂಗಡಿ ಅವನದಾಗಿತ್ತು, ಅವನು ಹೋದ ಮೇಲೆ ನನ್ನದಾಯಿತು. ಡ್ರೈವರುಗಳೆಲ್ಲ ನನ್ನನ್ನು ಟಾರ್ಪಾಲಕ್ಕ ಎನ್ನುತ್ತಾರೆ. ಲಾರಿಗೆ ಸಾಮಾನು ಹೇರುವ ಮುಂಚೆ ನೆಲಕ್ಕೆ ಒಂದು ಟಾರ್ಪಾಲು ಹಾಸಬೇಕು, ಕೆಳಗಿನಿಂದ ತೇವ ಹತ್ತಬಾರದು. ಅದರ ಮೇಲೆ ಮೂಟೆಗಳು. ಮೂಟೆಗಳ ಮೇಲೆ ಇನ್ನೊಂದು ಟಾರ್ಪಾಲು. ಆಮೇಲೆ ಹಗ್ಗ. ಕೊನೆಯ ಗಂಟು ಹೇಗಿರಬೇಕು ಎಂದರೆ, ಲೋಡು ಇಳಿಸುವ ಜಾಗ ಮುಟ್ಟುವವರೆಗೆ ಯಾರ ಕೈಗೂ ಅದು ಬಗ್ಗಬಾರದು. ದಾರಿಯಲ್ಲಿ ಕಳ್ಳರಿರುತ್ತಾರೆ. ಕೆಲವು ಸಲ ಡ್ರೈವರೇ ಕಳ್ಳ.

ಆ ಬೆಳಿಗ್ಗೆ ನನ್ನ ಕಣ್ಣಿಗೆ ಬೈಕಿನ ಸೀಟು ಲಾರಿಯ ನೆಲದ ಹಾಗೆ ಕಂಡಿತು. ತಳಕ್ಕೆ ಹಾಸಲು ನೀರು ಹಿಡಿಯದ ಬಟ್ಟೆ ಯಾವುದಿದೆ ಎಂದು ನೋಡಿದೆ. ರೈನ್‌ಕೋಟು ಕೈಗೆ ಸಿಕ್ಕಿತು. ಅದನ್ನೇ ಅಚ್ಚುಕಟ್ಟಾಗಿ ಮಡಿಸಿ ಹಾಸಿ, ಮೇಲೆ ಅವಳ ಬಟ್ಟೆ ಬರೆ, ಟ್ಯೂಬು, ಪಾನಾ, ನೀರಿನ ಬಾಟಲಿ ಎಲ್ಲ ಹೇರಿ, ಸುತ್ತ ಟಾರ್ಪಾಲು ಬಿಗಿದು, ಲಾರಿಯ ಗಂಟು ಹಾಕಿದೆ. ಕಟ್ಟಿ ಮುಗಿಸಿದ ಮೇಲೆ ಬೈಕನ್ನು ಅಲ್ಲಾಡಿಸಿಯೂ ನೋಡಿದೆ. ಬೈಕು ಅಲ್ಲಾಡಿತು, ಮೂಟೆ ಅಲ್ಲಾಡಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮಳೆಗಾಲದಲ್ಲಿ ರೈನ್‌ಕೋಟನ್ನು ಹಾಸಿಗೆ ಮಾಡಿ ಅದರ ಮೇಲೆ ಲೋಡು ಕಟ್ಟುವ ಬುದ್ಧಿ ನನ್ನಂಥ ಟಾರ್ಪಾಲಿನವಳಿಗೆ ಬಿಟ್ಟರೆ ಇನ್ಯಾರಿಗೂ ಬರಲಾರದು.

ಇನ್ನು ಅವಳು ಎಲ್ಲಿಗೆ ಹೊರಟಿದ್ದಳು ಎಂಬುದನ್ನು ಹೇಳಬೇಕು.

ನಾದಿನಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಅವಳಿಗೊಬ್ಬಳು ಜೊತೆಗಾರ್ತಿ. ಆಕೆ ಕೆಲಸ ಬಿಟ್ಟು ಬಂದರಿನ ಊರಿಗೆ ಹೋಗಿ ಸ್ವಂತ ಲಾಂಡ್ರಿ ಹಾಕಿದಳು. ಅಲ್ಲಿ ಲಾಡ್ಜುಗಳು ಸಾಲಾಗಿವೆಯಂತೆ, ಚಾದರ, ದಿಂಬಿನ ಕವರು ರಾಶಿ ರಾಶಿ ಬೀಳುತ್ತವಂತೆ. ಒಗೆಯುವುದಕ್ಕೆ ಮೆಷಿನ್ ಇದೆ, ಲಾಡ್ಜಿನಿಂದ ಲಾಡ್ಜಿಗೆ ಹೋಗಿ ತರುವುದಕ್ಕೆ, ಕೊಡುವುದಕ್ಕೆ ಜನ ಇಲ್ಲ. ಆಕೆಗೆ ಸೈಕಲ್ ಕಂಡರೂ ಕೈಕಾಲು ನಡುಗುತ್ತವೆ. "ನೀನು ಬಾ, ಅರ್ಧಕ್ಕರ್ಧ ಇಬ್ಬರದೂ," ಎಂದು ಕರೆದಳು. ನಾದಿನಿ ಮನೆಯಲ್ಲಿ ಏನೂ ಹೇಳದೆ ಒಬ್ಬ ಕೊರಿಯರ್‌ನವನ ಹಳೆಯ ಬೈಕು ಕೊಂಡುಕೊಂಡಳು, ಆಸ್ಪತ್ರೆಯ ಹಿಂದಿನ ಮೈದಾನದಲ್ಲಿ ಬಿದ್ದೆದ್ದು ಕಲಿತಳು, ಲೈಸೆನ್ಸ್ ಕೈಗೆ ಬಂದ ಮೇಲೆ ನನ್ನ ಮುಂದೆ ಹಿಡಿದಳು. ಮಂಡಿ ತರಚಿಕೊಂಡು ಬಂದಾಗೆಲ್ಲ ಲಾಂಡ್ರಿಯ ನೆಲ ಜಾರಿತು ಎನ್ನುತ್ತಿದ್ದಳು. ಆ ನೆಲವನ್ನು ನಾನು ಎಷ್ಟು ಬೈದಿದ್ದೆನೋ.

"ಹೋಗಿ ನೋಡ್ಕೊಂಡು ಬರ್ತೀನಿ ಅತ್ತಿಗೆ. ಬೆಳಿಗ್ಗೆ ಹೊರಟ್ರೆ ಸಂಜೆಗೆ ಮುಟ್ಟಬಹುದು. ಹೈವೇ ನೇರ ಇದೆ."

ನೋಡಿಕೊಂಡು ಬರುವುದಕ್ಕಾದರೆ ಬಸ್ಸು ಸಾಲದೇ? ಬೈಕು ತೆಗೆದುಕೊಂಡು ಹೋಗುವವಳು ಅಲ್ಲಿ ಬೈಕು ಬೇಕಾಗುತ್ತದೆ ಎಂದೇ ಹೋಗುತ್ತಾಳೆ. ಅಷ್ಟು ತಿಳಿಯದಷ್ಟು ದಡ್ಡಿ ನಾನಲ್ಲ. ಇವಳು ಹೋದರೆ ಬರುವುದಿಲ್ಲ ಎಂದು ಅವತ್ತೇ ಗೊತ್ತಾಯಿತು.

ನನ್ನ ಗಂಡ ಹೋದಾಗ ಮಗಳಿಗೆ ಇನ್ನೂ ಹಲ್ಲು ಪೂರ್ತಿ ಬಂದಿರಲಿಲ್ಲ. ಆಗ ಈ ನಾದಿನಿ ಒಂದು ಟ್ರಂಕು ತಂದು ನಮ್ಮ ಮನೆಯಲ್ಲಿ ಇಟ್ಟಳು. "ಅಂಗಡಿ ನೀನು ನೋಡ್ಕೋ, ಮನೆ ನಂಗೆ ಬಿಡು," ಎಂದಳು. ಬೇರೆ ಮಾತಿಲ್ಲ. ಬೆಳಗಿನ ಪಾಳಿ ಮುಗಿಸಿ ಬಂದು ಮಗು ನೋಡಿಕೊಂಡಳು, ಅಡಿಗೆ ಮಾಡಿದಳು, ಮಗುವಿಗೆ ಅಕ್ಷರ ತಿದ್ದಿಸಿದಳು. ನಾನು ಲಾರಿಗಳ ನೆತ್ತಿಯ ಮೇಲೆ ನಿಂತು ಹಗ್ಗ ಎಳೆಯುತ್ತಿದ್ದೆ. ಕತ್ತಲಾದ ಮೇಲೆ ಮನೆಗೆ ಹೋದರೆ ತಟ್ಟೆ ಮುಚ್ಚಿಟ್ಟಿರುತ್ತಿತ್ತು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ "ಬೇಡ ಅನ್ನಿಸ್ತು" ಎನ್ನುತ್ತಿದ್ದಳು. ತ್ಯಾಗ ಗೀಗ ಎಂದು ಯಾರಾದರೂ ಶುರು ಮಾಡಿದರೆ ಸೌಟು ಹಿಡಿದು ಬರುತ್ತಿದ್ದಳು.

ಅವಳಿಗೊಂದು ಚಾಳಿ. ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಗೇಟಿನ ತನಕ ಹೋಗಿ ವಾಪಸ್ಸು ಬರುತ್ತಾಳೆ. "ಗ್ಯಾಸ್ ಆರಿಸಿದ್ನಾ?" ಅಡಿಗೆಮನೆಗೆ ಹೋಗಿ ಒಲೆಯ ತಿರುಪು ಮುಟ್ಟಿ ನೋಡಿ, ಮತ್ತೆ ಹೋಗುತ್ತಾಳೆ. ಒಂದು ದಿನ ತಪ್ಪಿದ್ದಿಲ್ಲ. ನಾನು ಹಾಸಿಗೆಯಿಂದಲೇ "ಆರಿಸಿದೀಯ ಹೋಗೇ ಮಾರಾಯ್ತಿ" ಎಂದು ಕೂಗುತ್ತಿದ್ದೆ. ಕೂಗಿದರೂ ಬರುತ್ತಿದ್ದಳು.

ಮಳೆ ನಿಂತಿತು. ಬೈಕು ಅಂಗಡಿಯ ಮುಂದೆ ನೀರು ಸುರಿಸುತ್ತ ನಿಂತೇ ಇತ್ತು.

ನನ್ನ ಗಂಟನ್ನು ನಾನು ಬರಿಗೈಯಲ್ಲಿ ಕಣ್ಣು ಮುಚ್ಚಿ ಬಿಚ್ಚುತ್ತೇನೆ. ಅದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ, ಗಂಟು ನನ್ನದೇ. ಆದರೆ ಹ್ಯಾಂಡಲ್ಲಿಗೆ ಸಿಕ್ಕಿಸಿದ ಅವಳ ಗ್ಲೌಸು ಕಣ್ಣಿಗೆ ಬಿತ್ತು. ನೆಂದು ಭಾರವಾಗಿತ್ತು. ಯಾಕೋ ಅದನ್ನು ಹಾಕಿಕೊಂಡು, ಸೀರೆ ಎತ್ತಿ ಕಟ್ಟಿ ಬೈಕಿನ ಮೇಲೆ ಕೂತೆ. ಹಿಂದೆ ತಿರುಗಿ ಗಂಟಿಗೆ ಕೈ ಹಾಕಿದೆ. ಬೆರಳಿಗೆ ಗಂಟಿನ ತಲೆ ಯಾವುದು ಬಾಲ ಯಾವುದು ತಿಳಿಯಲೇ ಇಲ್ಲ. ಎರಡೂ ಕೈ ಹಾಕೋಣವೆಂದರೆ ಬೈಕು ವಾಲುತ್ತದೆ. ಎಳೆದೆ, ತಿರುಚಿದೆ, ನೆಂದ ಹಗ್ಗ ಇನ್ನಷ್ಟು ಬಿಗಿಯಿತು. ಬಾಯಿಗೆ ಬಂದದ್ದೆಲ್ಲ ಬೈದೆ. ಕೊನೆಗೆ ನಾನೂ ಬಗ್ಗಿ ಹಲ್ಲು ಹಾಕಿದೆ.

"ಕತ್ತರಿ ಕೊಡ್ಲಾ ಟಾರ್ಪಾಲಕ್ಕಾ?" ಸೈಲೆನ್ಸರ್ ಪಕ್ಕದಲ್ಲೇ ನಿಂತಿದ್ದ. ಯಾವಾಗ ಬಂದನೋ.

"ಇಷ್ಟು ದಪ್ಪ ಗ್ಲೌಸ್ ಯಾಕೋ ಬೇಕಾಗಿತ್ತು? ನೀನೇ ಅಲ್ವಾ ಕೊಡಿಸಿದ್ದು?"

"ಬಿದ್ದಾಗ ಮೊದಲು ನೆಲಕ್ಕೆ ಹೋಗೋದು ಕೈನೇ ಅಕ್ಕಾ. ಅದಕ್ಕೆ. ಬೇಡ ಅಂದ್ರೆ ಬಿಚ್ಚಿಬಿಡ್ಲಿ, ಗಂಟು ಆರಾಮಾಗಿ ಬರುತ್ತೆ, ಬಿದ್ದ ದಿನ ಚರ್ಮಾನೂ ಆರಾಮಾಗಿ ಬರುತ್ತೆ."

"ನಾಲಿಗೆ ಸೀಳ್ತೀನಿ ನೋಡು. ಬಿಡ್ತು ಅನ್ನು."

"ಬಿಡ್ತು," ಎಂದ. ಎಂದು, ಮೊದಲ ಸಲ ಸುಮ್ಮನೆ ನಿಂತ.

ಕತ್ತರಿ ನನ್ನ ಸೊಂಟದಲ್ಲೇ ಇತ್ತು. ನಮ್ಮ ಕಸುಬಿನಲ್ಲಿ ಹಗ್ಗ ಕತ್ತರಿಸುವುದೆಂದರೆ ಮಾನ ಹೋದ ಹಾಗೆ. ಗಂಟು ಬಿಚ್ಚಲಾಗದವನು ಹಗ್ಗ ಕತ್ತರಿಸುತ್ತಾನೆ. ನಾನು ಗ್ಲೌಸು ಬಿಚ್ಚಲಿಲ್ಲ. ಗ್ಲೌಸಿನ ಕೈಯಲ್ಲೇ ಕತ್ತರಿ ಹಿಡಿದು ಹಗ್ಗವನ್ನು ಕಚಕ್ಕನೆ ಕತ್ತರಿಸಿದೆ. ಮೂಟೆ ಬಾಯಿ ಬಿಟ್ಟಿತು. ತಳದಲ್ಲಿ ರೈನ್‌ಕೋಟು ಬೆಚ್ಚಗೆ ಮಲಗಿತ್ತು.

ಮನೆಗೆ ಹೋದಾಗ ಅವಳು ತಲೆಗೆ ಟವೆಲ್ ಸುತ್ತಿಕೊಂಡು ಸೀನುತ್ತ ಕೂತಿದ್ದಳು. ನನ್ನನ್ನು ನೋಡಿ ಗೋಡೆಯ ಕಡೆ ತಿರುಗಿದಳು. ನಾನು ಮೂಟೆಯ ಸಾಮಾನೆಲ್ಲ ತಂದು ಹಜಾರದ ನೆಲದ ಮೇಲೆ ಸುರಿದೆ.

"ಬಾ, ಕೂತ್ಕೋ. ದಾರೀಲಿ ಮೊದಲು ಏನು ಬೇಕಾಗುತ್ತೆ ಹೇಳು."

"ನಿನ್ನ ಲಾರೀನ ಕೇಳು."

"ಲೇ, ಹಗ್ಗ ಕತ್ತರಿಸ್ಬಿಟ್ಟು ಬಂದಿದೀನಿ. ನಾನು. ಹಗ್ಗ. ಕತ್ತರಿಸಿದೀನಿ."

ಅವಳು ತಿರುಗಿದಳು. ಈ ಮನೆಯಲ್ಲಿ ಅಷ್ಟು ವರ್ಷ ಇದ್ದವಳಿಗೆ ಆ ಮಾತಿನ ತೂಕ ಗೊತ್ತು. ಟವೆಲ್ ಬಿಚ್ಚಿ ನೆಲದ ಮೇಲೆ ಬಂದು ಕೂತಳು.

ಮೊದಲು ಬೇಕಾಗುವುದು ರೈನ್‌ಕೋಟು ಎಂದಳು, ನನ್ನ ಮುಖ ನೋಡಿಕೊಂಡೇ. ಆಮೇಲೆ ನೀರು. ಆಮೇಲೆ ಪಂಕ್ಚರ್ ಸಾಮಾನು, ಟ್ಯೂಬು, ಪ್ಲಗ್ಗು, ಕ್ಲಚ್ಚಿನ ಕೇಬಲ್ಲು. ಬೇಡವಾಗಲಿ ದೇವರೇ ಅಂದುಕೊಂಡು ಇಡುವುದು ಔಷಧಿ, ಬ್ಯಾಂಡೇಜು. ಊರು ಮುಟ್ಟಿದ ಮೇಲೆ ಬೇಕಾಗುವುದು ಬಟ್ಟೆ, ಚಪ್ಪಲಿ. ಬಟ್ಟೆಯ ರಾಶಿಯನ್ನು ನಾನು ಎತ್ತಿ ನೋಡಿದೆ. ನೋಡಿಕೊಂಡು ಬರುವವಳ ಬಟ್ಟೆ ಅಷ್ಟಿರುವುದಿಲ್ಲ. ಚಳಿಗಾಲದ ಸ್ವೆಟರೂ ಇತ್ತು.

"ಚಳಿಗಾಲ ಇನ್ನೂ ದೂರ ಇದೆ," ಎಂದೆ.

ಅವಳು ಸ್ವೆಟರನ್ನು ನನ್ನ ಕೈಯಿಂದ ತೆಗೆದುಕೊಂಡು ಆಸ್ಪತ್ರೆಯ ಲಾಂಡ್ರಿಯ ಮಡಿಕೆಯಲ್ಲಿ ಮಡಿಸಿದಳು. ಅವಳು ಮಡಿಸಿದರೆ ದಪ್ಪ ಸ್ವೆಟರೂ ಪುಸ್ತಕದಷ್ಟಾಗುತ್ತದೆ.

"ಹಿಡಿಸಿದ್ರೆ ಉಳ್ಕೋತೀನಿ ಅತ್ತಿಗೆ. ಸುಳ್ಳು ಹೇಳಲ್ಲ."

"ಹಿಡಿಸುತ್ತೆ ಬಿಡು. ನಿಂಗೆ ಹಿಡಿಸದೇ ಇರೋದು ಈ ಪ್ರಪಂಚದಲ್ಲಿ ನಾನೊಬ್ಬಳೇ."

ಅವಳು ನಕ್ಕಳು, ನಗುವಿನ ನಡುವೆ ಸೀನಿದಳು. ನಾನು ಎದ್ದು ಹೋಗಿ ಬಿಸಿನೀರು ಇಟ್ಟೆ.

ಮರುದಿನದಿಂದ ಅಂಗಡಿಯ ಬೇರೆ ಕೆಲಸ ಮೂಲೆಗೆ ಹೋಯಿತು. ಲಾರಿಯವರು ಬಂದು ಬೈದು ಹೋದರು, ನಾನೂ ತಿರುಗಿಸಿ ಬೈದೆ.

ಹೊಸ ಟಾರ್ಪಾಲಿನ ಒಂದು ಕಿತ್ತಳೆ ಬಣ್ಣದ ಥಾನು ಇತ್ತು, ದೂರದಿಂದ ಕಣ್ಣಿಗೆ ಹೊಡೆಯುವಂಥದ್ದು. ಅದರಲ್ಲಿ ಎರಡು ಚೀಲ ಕತ್ತರಿಸಿದೆ. ಸೀಟಿನ ಮೇಲೆ ಅಡ್ಡ ಹಾಕಿದರೆ ಆಚೆಗೊಂದು ಈಚೆಗೊಂದು ತೂಗುವ ಹಾಗೆ ನಡುವೆ ಅಗಲದ ಪಟ್ಟಿ ಇಟ್ಟೆ. ಹೊಲಿಗೆ ಒಳಗಿನಿಂದ ಹಾಕಿ ಮೇಣ ತಿಕ್ಕಿದೆ. ಬಾಯಿಯನ್ನು ಸುರುಳಿ ಸುತ್ತಿ ಮುಚ್ಚುವಂತೆ ಮಾಡಿದೆ. ಮುಚ್ಚಳಕ್ಕೆ ಗಂಟಿಲ್ಲ, ಹಗ್ಗವಿಲ್ಲ. ದೊಡ್ಡ ಕೊಕ್ಕೆ, ಕೊಕ್ಕೆಗೊಂದು ಚರ್ಮದ ಬಾಲ, ಮುಷ್ಟಿಯಲ್ಲಿ ಹಿಡಿದು ಎಳೆದರೆ ಸಾಕು. ಪ್ರತಿ ಕೊಕ್ಕೆ ಹೊಲಿದ ಮೇಲೂ ಅವಳ ಗ್ಲೌಸು ಹಾಕಿಕೊಂಡು ಒಂದೇ ಕೈಯಲ್ಲಿ ಬಿಚ್ಚಿ ನೋಡಿದೆ. ಬಾರದಿದ್ದರೆ ಹೊಲಿಗೆ ಕಿತ್ತು ಮತ್ತೆ ಹೊಲಿದೆ. ಬಿಗಿಯುವುದಕ್ಕೆ ಪಳಗಿದ ಕೈಗೆ ಬಿಚ್ಚುವುದಕ್ಕೆ ಅನುಕೂಲ ಮಾಡಿಕೊಡುವುದು ಹೊಸ ಪಾಠ. ಸರಾಗವಾಗಿ ಬರಲಿಲ್ಲ.

ಭಾರದ ಸಾಮಾನು ತಳಕ್ಕೆ, ಓಡಿಸುವವಳ ಬೆನ್ನಿನ ಹತ್ತಿರಕ್ಕೆ ಬರಬೇಕು ಎಂದು ಸೈಲೆನ್ಸರ್ ಹೇಳಿದ. ಎರಡು ಚೀಲವೂ ಸಮ ತೂಗಬೇಕು ಎಂದ. ಅದು ನನಗೇನು ಹೊಸತಲ್ಲ, ಲಾರಿಯೂ ಹಾಗೇ. ಆದರೆ ಟ್ಯೂಬು, ಪಾನಾ ಯಾವ ಕಡೆಯ ಚೀಲದಲ್ಲಿ ಇಡಬೇಕು ಎಂದು ಅವನು ಕೇಳಿದಾಗ ನಾನು ತಡವರಿಸಿದೆ.

"ರಸ್ತೆ ಅಂಚಿನ ಕಡೇದರಲ್ಲಿ ಅಕ್ಕಾ. ಇನ್ನೊಂದು ಕಡೆ ನಿಂತು ಹುಡುಕ್ತಾ ಇದ್ರೆ ನಿಮ್ಮ ಗಿರಾಕಿ ಲಾರೀನೇ ಬಂದು ಎತ್ಕೊಂಡು ಹೋಗುತ್ತೆ."

ಆ ಕಡೆಯ ಚೀಲಕ್ಕೆ ಹೊರಗಿನಿಂದ ಇನ್ನೊಂದು ಜೇಬು ಹೊಲಿದೆ. ರೈನ್‌ಕೋಟಿಗೆ ಬೇರೆಯೇ ಮನೆ ಮಾಡಿದೆ, ಎಲ್ಲಕ್ಕಿಂತ ಮೇಲೆ, ಸೀಟಿನ ಮೇಲೆ ಉದ್ದಕ್ಕೆ ಒಂದು ಸಣ್ಣ ಕೊಳವೆ ಚೀಲ. ನಾದಿನಿ ಬಂದು ನೋಡಿ ಅದರ ಪಕ್ಕಕ್ಕೆ ಇನ್ನೊಂದು ಬೇಕು ಎಂದಳು.

"ಇನ್ನೊಂದು ಯಾಕೆ?"

"ನೆಂದ ರೈನ್‌ಕೋಟ್ ಎಲ್ಲಿಡ್ಲಿ? ಒಣಗಿದ್ದರ ಜೊತೆ ಒದ್ದೆ ಸೇರಿಸೋ ಜಾತಿಯಲ್ಲ ನಂದು. ಲಾಂಡ್ರಿಯವಳು ನಾನು."

ಅದನ್ನೂ ಹೊಲಿದೆ, ತಳದಲ್ಲಿ ನೀರು ಇಳಿಯಲು ಬಲೆ ಇಟ್ಟು.

ಬೈಕಿಗೆಂದು ಅವಳು ತಂದಿದ್ದ ಜಾಕೆಟ್ಟು ಯಾರೋ ತೊಟ್ಟು ಬಿಟ್ಟದ್ದು, ತೋಳು ಉದ್ದ, ಒಳಗಿನ ಮೊಣಕೈ ಪ್ಯಾಡು ಅವಳ ಮುಂಗೈಗೆ ಬರುತ್ತಿತ್ತು. ಪ್ಯಾಡು ಬಿಚ್ಚಿ ಮೇಲಕ್ಕೆ ಕೂರಿಸಿ ತೋಳು ಮೋಟು ಮಾಡಿದೆ. ಬೆನ್ನಿಗೆ, ಲಾರಿಗಳ ಹಿಂದೆ ಅಂಟಿಸುವ ಬೆಳಕು ಹೊಡೆಯುವ ಪಟ್ಟಿಯನ್ನು ಹೊಲಿದೆ. ಹೆಲ್ಮೆಟ್ ಮಾತ್ರ ಹೊಸದೇ ಆಗಬೇಕು ಎಂದು ಸೈಲೆನ್ಸರ್ ಹಠ ಹಿಡಿದಿದ್ದ, ಒಮ್ಮೆ ಬಿದ್ದ ಹೆಲ್ಮೆಟ್ ಮೇಲೆ ಚೆನ್ನಾಗಿ ಕಂಡರೂ ಒಳಗೆ ಸತ್ತಿರುತ್ತದಂತೆ. ಹೊಸದನ್ನೇ ತಂದೆವು. ಅವನೂ ಸುಮ್ಮನಿರಲಿಲ್ಲ. ಟೈರು ಬದಲಿಸಿದ, ಬ್ರೇಕು ನೋಡಿದ, ಚೈನಿಗೆ ಎಣ್ಣೆ ಬಿಟ್ಟ, ಪ್ಲಗ್ಗು ಬಿಚ್ಚಿ ಹಾಕುವುದನ್ನು ಅವಳ ಕೈಯಲ್ಲೇ ಮಾಡಿಸಿದ. ಅವಳು ತಪ್ಪಿದಾಗ ಒಂದು ದಿನವೂ ಗದರಲಿಲ್ಲ. ಬಾಯಿ ಬಡುಕ ನಿಜ, ಆದರೆ ಅಂಥ ಕೈ ಸಿಕ್ಕಿದ್ದು ನಮ್ಮ ಪುಣ್ಯ. ನನ್ನ ಮೇಣದ ಉಂಡೆ ಅವನಿಗೆ ತಾಗದಿದ್ದದ್ದು ಒಳ್ಳೆಯದೇ ಆಯಿತು.

ಮಗಳು ಗಂಡನ ಮನೆಯಿಂದ ಔಷಧಿ ಡಬ್ಬಿ ತಂದಳು. ಅವಳ ಕೆಲಸ ಆಸ್ಪತ್ರೆಯ ಲ್ಯಾಬಿನಲ್ಲಿ. ಡಬ್ಬಿಯಲ್ಲಿ ಏನೇನಿದೆ ಎಂದು ಸೋದರತ್ತೆಗೆ ತೋರಿಸಿ, ಅತ್ತೆಯ ಹೆಗಲಿಗೆ ತಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ಅತ್ತೆ ಹೋದ್ಮೇಲೆ ನಿಂಗೆ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಗೊತ್ತಾ?" ಎಂದಳು.

"ಗೊತ್ತು," ಎಂದೆ.

"ಎಲ್ಲಿದೆ?"

"ನಿಂಗ್ಯಾಕೆ? ನಿನ್ನ ಮನೆ ಉಪ್ಪು ನೋಡ್ಕೋ ಹೋಗು."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಉಪ್ಪು ಎಲ್ಲಿದೆ ಎಂದು ಅವತ್ತು ಸಂಜೆ ಗುಟ್ಟಾಗಿ ಹುಡುಕಿ ಇಟ್ಟುಕೊಂಡೆ.

ಎಲ್ಲ ಸಿದ್ಧವಾದ ದಿನ, ಈ ಸಲ ಹೊರಡುವ ಮುಂಚೆ ಒಂದು ಪರೀಕ್ಷೆ ಆಗಬೇಕು ಎಂದೆ ನಾನು. ಆಕಾಶ ಕಣ್ಣು ಕುಕ್ಕುವಷ್ಟು ತಿಳಿಯಾಗಿತ್ತು.

"ಮಳೆ ಎಲ್ಲಿಂದ ತರ್ತೀಯ?" ಎಂದಳು ನಾದಿನಿ.

"ನಾನಿದೀನಲ್ಲ."

ಅಂಗಡಿಯ ಮುಂದೆ ಬೈಕು ನಿಲ್ಲಿಸಿ ಅವಳನ್ನು ಜಾಕೆಟ್ಟು, ಹೆಲ್ಮೆಟ್ಟು, ಗ್ಲೌಸು ಹಾಕಿಸಿ ಕೂರಿಸಿದೆ. ಎರಡು ಬಕೆಟ್ ನೀರು ತುಂಬಿಸಿದೆ. ಮೊದಲ ಬಕೆಟ್ ಬಿದ್ದರೆ ಮಳೆ ಶುರುವಾಯಿತು ಎಂದು ಲೆಕ್ಕ. ನಾನು ಸೈಲೆನ್ಸರನ ಗ್ಯಾರೇಜಿನ ತನಕ ನಡೆದು ಹೋಗಿ ವಾಪಸ್ಸು ಬಂದು ಎರಡನೆಯದನ್ನು ಎತ್ತುವುದರೊಳಗೆ ಅವಳು ರೈನ್‌ಕೋಟು ತೊಟ್ಟಿರಬೇಕು.

"ಅತ್ತಿಗೆ, ಮೆಲ್ಲಗೆ ಹಾ..."

ಅವಳ ಮಾತು ಮುಗಿಯುವುದರೊಳಗೆ ಸುರಿದೆ. ಎಷ್ಟು ವರ್ಷದ ಆಸೆಯೋ ಏನೋ, ಕೈಗೆ ಅಷ್ಟು ಸುಖವಾಯಿತು. ಅವಳು "ಅಯ್ಯೋ ಪಾಪಿ" ಎಂದು ಕಿರುಚಿ ಹಿಂದಕ್ಕೆ ಕೈ ಹಾಕಿದಳು. ನಾನು ಗ್ಯಾರೇಜಿನತ್ತ ನಡೆದೆ. ಹಿಂದೆ ತಿರುಗಿ ನೋಡಬಾರದು ಎಂದುಕೊಂಡಿದ್ದೆ. ಕೊಕ್ಕೆ ಟಕ್ ಎಂದದ್ದು ಕೇಳಿಸಿತು. ಒಂದೇ ಸಲ. ಸೈಲೆನ್ಸರ್ ಕೈಯಲ್ಲಿದ್ದ ಪಾನಾ ಎತ್ತಿ "ಹಾಕ್ಕೊಂಡ್ರು ಅಕ್ಕಾ, ಹಾಕ್ಕೊಂಡ್ರು!" ಎಂದು ಕುಣಿದ. ನಾನು ತಿರುಗಿ ನೋಡುವಷ್ಟರಲ್ಲಿ ಅವಳು ರೈನ್‌ಕೋಟು ತೊಟ್ಟು, ಬೈಕಿನಿಂದ ಇಳಿದು, ಎರಡನೆಯ ಬಕೆಟ್ಟನ್ನೂ ಎತ್ತಿ ನಿಂತಿದ್ದಳು.

"ಬೇಡ ಕಣೇ. ವಯಸ್ಸಾದವಳು ನಾನು."

ಸುರಿದಳು. ಪೂರ್ತಿ.

ಸೀರೆಯಿಂದ ನೀರು ಹಿಂಡಿಕೊಳ್ಳುತ್ತ ನಿಂತಾಗ ನನಗೆ ನಗು ಬಂತು, ನಗುವಿನ ಹಿಂದೆಯೇ ಇನ್ನೇನೋ ಬಂತು. ಅದು ಬಂದರೆ ನನಗೆ ತಡೆದುಕೊಳ್ಳಲು ಗೊತ್ತಿರುವುದು ಒಂದೇ ದಾರಿ. ಕೂಗತೊಡಗಿದೆ.

"ನೀನಿಲ್ಲದೇ ಇದ್ದಿದ್ರೆ ಆ ಮಗೂನ ನಾನು ಲಾರಿ ಮೇಲೆ ಹಗ್ಗದಲ್ಲಿ ಕಟ್ಕೊಂಡು ಸಾಕ್ಬೇಕಿತ್ತು! ಗೊತ್ತಾ ನಿಂಗೆ? ಒಂದು ದಿನಾನೂ ನನ್ನನ್ನ ಹಸ್ಕೊಂಡು ಮಲಗೋಕೆ ಬಿಡಲಿಲ್ಲ ನೀನು! ಈ ಅಂಗಡಿ ಇವತ್ತು ಬಾಗಿಲು ತೆಗೆದಿದೆ ಅಂದ್ರೆ ಅದು ನಿನ್ನಿಂದ! ನನ್ನ ಕೈಯಿಂದ ಅಲ್ಲ, ನಿನ್ನಿಂದ!"

ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತರು. ಟಾರ್ಪಾಲಕ್ಕ ನಾದಿನಿಯ ಜೊತೆ ಮತ್ತೆ ಬೀದಿ ಜಗಳಕ್ಕೆ ಇಳಿದಿದ್ದಾಳೆ ಎಂದುಕೊಂಡಿರಬೇಕು.

"ಬೈತಿದೀಯೋ ಹೊಗಳ್ತಿದೀಯೋ?" ಎಂದಳು ಅವಳು, ಹೆಲ್ಮೆಟ್ಟಿನ ಗಾಜು ಮೇಲೆತ್ತಿ.

"ಎರಡೂ!"

"ಸರಿ ಹಾಗಾದ್ರೆ ನಂದೂ ಕೇಳು!" ಎಂದು ಅವಳೂ ಅಷ್ಟೇ ಜೋರಾಗಿ ಕೂಗಿದಳು. "ಅಣ್ಣ ಹೋದ ಮನೇಲಿ ನಂಗೇನು ಹಕ್ಕಿತ್ತು? ಒಂದು ದಿನ ನೀನು ಇದು ನಿನ್ನ ಮನೆ ಅಲ್ಲ ಅನ್ನಲಿಲ್ಲ. ಒಂದು ದಿನ! ಬಾಯಿ ಇಷ್ಟು ಕೆಟ್ಟದು, ಅದೊಂದು ಮಾತು ಬರಲಿಲ್ಲ ಅದರಿಂದ!"

ಅದು ನನಗೆ ಹೊಳೆದೇ ಇರಲಿಲ್ಲ. ಅವಳ ಮನೆ ಅಲ್ಲದೆ ಅದು ಮತ್ಯಾರದು?

"ಗಾಜು ಇಳಿಸ್ಕೋ," ಎಂದೆ. "ಹೆಲ್ಮೆಟ್ ಒಳಗೆ ನೀರು ಹೋಗ್ತಿದೆ."

"ಅದು ನೀರಲ್ಲ ಬಿಡಿ ಅಕ್ಕಾ," ಎಂದ ಸೈಲೆನ್ಸರ್. ಅವನ ಕಡೆಗೆ ಎಸೆಯಲು ನನ್ನ ಕೈಯಲ್ಲಿ ಆಗ ಏನೂ ಇರಲಿಲ್ಲ.

ಈಗ ಬಂದರಿನ ಕಡೆಯಿಂದ ಬರುವ ಡ್ರೈವರುಗಳು ಅಂಗಡಿಯ ಮುಂದೆ ಲಾರಿ ನಿಲ್ಲಿಸಿ ಸುದ್ದಿ ಹೇಳುತ್ತಾರೆ. ಕಿತ್ತಳೆ ಚೀಲದ ಬೈಕು ಲಾಡ್ಜಿನ ಮುಂದೆ ನಿಂತಿತ್ತು ಅಕ್ಕಾ, ಎನ್ನುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿದ್ರು, ಚೀಲದ ತುಂಬ ಚಾದರ, ಎನ್ನುತ್ತಾರೆ. ಒಬ್ಬನಂತೂ, ಸೇತುವೆ ಹತ್ತಿರ ಮಳೆ ಬಂತು, ನಾವು ಗಾಜು ಏರಿಸೋದ್ರೊಳಗೆ ಅವರು ಕೋಟು ಹಾಕ್ಕೊಂಡು ನಮ್ಮನ್ನೇ ದಾಟಿ ಹೋದ್ರು, ಎಂದ. ಅವನ ಟಾರ್ಪಾಲಿಗೆ ಅವತ್ತು ಹೊಸ ಬಟ್ಟೆಯಲ್ಲೇ ತೇಪೆ ಹಾಕಿಕೊಟ್ಟೆ.

ಅವಳು ಹೊರಟದ್ದು ಬೆಳಕು ಬಿಡುವ ಹೊತ್ತಿಗೆ. ಬೈಕು ಗೇಟಿನ ಆಚೆ, ಬೀದಿಯಲ್ಲಿ ನಿಂತಿತ್ತು. ಚೀಲಗಳನ್ನು ಅವಳೇ ಹೇರಿದಳು. ನಾನು ಒಂದು ಕೊಕ್ಕೆಯನ್ನೂ ಮುಟ್ಟಲಿಲ್ಲ, ಕೈ ಕಟ್ಟಿಕೊಂಡು ನಿಂತಿದ್ದೆ. ಟೀ ನಾನು ಮಾಡಿದ್ದೆ. ಸಕ್ಕರೆ ಹೆಚ್ಚಾಗಿತ್ತು, ಪೂರ್ತಿ ಕುಡಿದಳು. ಲೋಟ ತೊಳೆದು ಮಗುಚಿ ಇಟ್ಟಳು. ಜಾಕೆಟ್ಟಿನ ಜಿಪ್ಪು ಎಳೆದುಕೊಂಡಳು. ಬಾಗಿ ನನ್ನ ಕಾಲು ಮುಟ್ಟಲು ಬಂದಳು, ಮೊಣಕಾಲಿನ ಪ್ಯಾಡು ಬಗ್ಗಲು ಬಿಡಲಿಲ್ಲ. ಅರ್ಧ ಬಗ್ಗಿದವಳನ್ನು ನಾನೇ ಎತ್ತಿ ತಬ್ಬಿಕೊಂಡೆ. ಹೆಲ್ಮೆಟ್ಟು ನನ್ನ ಗದ್ದಕ್ಕೆ ಬಡಿಯಿತು.

"ಟೋಲ್ ದಾಟಿದ ಮೇಲೆ ನಿಲ್ಲಿಸಿ ಚೈನ್ ನೋಡ್ಕೋ. ಲಾರಿ ಹಿಂದೆ ಹತ್ರ ಹೋಗ್ಬೇಡ. ಲೋಡು ಯಾರು ಕಟ್ಟಿರ್ತಾರೋ ಏನೋ."

"ನೀನು ಕಟ್ಟಿದ್ದಾದ್ರೆ?"

"ಅದರ ಹಿಂದೆ ಹೋಗು, ಪರವಾಗಿಲ್ಲ."

ಅವಳು ಬಾಗಿಲು ದಾಟಿದಳು. ನಾನು ಜೊತೆಯಲ್ಲಿ ಗೇಟಿಗೆ ಹೋಗಲಿಲ್ಲ. ಸೀದಾ ಅಡಿಗೆಮನೆಗೆ ಹೋಗಿ ಒಲೆಯ ಪಕ್ಕ ನಿಂತುಕೊಂಡೆ. ಅವಳು ಗೇಟಿನ ತನಕ ಹೋಗಿ ಬರುತ್ತಾಳೆ, ಗ್ಯಾಸ್ ಆರಿಸಿದ್ನಾ ಎಂದು ಕೇಳುತ್ತಾಳೆ. ಬಂದಾಗ ಹೇಳಬೇಕಾದ ಮಾತನ್ನು ಬಾಯಲ್ಲಿ ಇಟ್ಟುಕೊಂಡು ಕಾದೆ. ತಿರುಪನ್ನು ಮುಟ್ಟಿ ನೋಡಿದೆ. ಆರಿತ್ತು.

ಗೇಟು ಕಿರುಗುಟ್ಟಿತು. ಅವಳ ಹೆಜ್ಜೆ ನಿಂತಿತು.

ಕಿಟಕಿಯಿಂದ ನೋಡಿದೆ. ಅವಳು ಗೇಟಿನಾಚೆ ಬೈಕಿನ ಪಕ್ಕ ನಿಂತು, ಗ್ಲೌಸಿನ ಕೈಯಲ್ಲಿ ರೈನ್‌ಕೋಟಿನ ಕೊಕ್ಕೆಯನ್ನು ಒಮ್ಮೆ ಎಳೆದು ಬಿಚ್ಚಿದಳು. ಮತ್ತೆ ಹಾಕಿದಳು. ತಲೆ ಎತ್ತಿ ಮನೆಯ ಕಡೆ ನೋಡಿದಳು.

"ಆರಿಸಿದೀಯ ಹೋಗೇ!" ಎಂದು ಕಿಟಕಿಯಿಂದಲೇ ಕೂಗಿದೆ.

ಅವಳು ಕೈ ಎತ್ತಿದಳು. ಬೈಕು ಹತ್ತಿ ಶುರು ಮಾಡಿದಳು. ಬೀದಿಯ ತುದಿಯಲ್ಲಿ ಕಿತ್ತಳೆ ಬಣ್ಣ ತಿರುವಿನಲ್ಲಿ ಬಾಗಿ ಮರೆಯಾಯಿತು. ನಾನು ಒಲೆಯ ಪಕ್ಕ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ. ಅವಳು ವಾಪಸ್ಸು ಬರಲಿಲ್ಲ.